ಶಿವಯೋಗಪ್ಪನವರ ನಡುಗುವ ಗರಗಸ

ಅರವತ್ತು ವರ್ಷ ಬದುಕಿಯೂ ಗೋಡೆಗೆ ಒಂದು ಮೊಳೆಯನ್ನು ಸ್ವತಃ ಹೊಡೆಯದ ಮನುಷ್ಯ ಶಿವಯೋಗಪ್ಪ. ಆದರೆ ಬೇರೆಯವರು ಹೊಡೆದ ಮೊಳೆ ಸೊಟ್ಟಗಿದೆ ಎಂದು ಹೇಳುವುದರಲ್ಲಿ ಅವರನ್ನು ಮೀರಿಸುವವರು ಕೊಟ್ಟೂರಿನಲ್ಲಿ ಇರಲಿಲ್ಲ. ಇಪ್ಪತ್ತೆಂಟು ವರ್ಷ ಒಬ್ಬ ಗುತ್ತಿಗೆದಾರರ ಕೈಕೆಳಗೆ ಮೇಲ್ವಿಚಾರಕರಾಗಿದ್ದರು. ಕಾಲುವೆಯಿರಲಿ, ಮೋರಿಯಿರಲಿ, ಗೋದಾಮಿರಲಿ, ಛತ್ರಿ ಬಿಚ್ಚಿಕೊಂಡು ನಿಂತು ‘ಇದು ವೇಸ್ಟು, ತೆಗಿ’ ಅನ್ನುವುದು ಅವರ ಕೆಲಸ. ಕಟ್ಟಿದ ಗೋಡೆ ಕೆಡವಿಸಿದ್ದನ್ನು ಬೇರೆಯವರು ಮಗನ ಮದುವೆ ಮಾಡಿದ್ದನ್ನು ಹೇಳುವಷ್ಟು ಸಂಭ್ರಮದಿಂದ ಹೇಳುತ್ತಿದ್ದರು. ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಬಾಗಿಲ ಮೇಲೆ ಹಾಕಿಸಿದ ಬೋರ್ಡಿನಲ್ಲಿ ಹೆಸರಿನ ಕೆಳಗೆ ‘ಇಂಜಿನಿಯರ್ (ನಿವೃತ್ತ)’ ಎಂದು ಬರೆಸಿದರು. ಅವರು ಓದಿದ್ದು ಏಳನೆಯ ಇಯತ್ತೆ. ಬೋರ್ಡು ಬರೆದ ಪೇಂಟರನಿಗೂ ಅದು ಗೊತ್ತಿತ್ತು.

ನಾನು ಅವರ ಎದುರು ಮನೆಯವನು, ಪ್ರಾಥಮಿಕ ಶಾಲೆಯ ಮೇಷ್ಟ್ರು. ಹೀಗಾಗಿ ಅವರ ಇಂಜಿನಿಯರಿಕೆಯ ಪ್ರತಿಯೊಂದು ಪ್ರಸಂಗಕ್ಕೂ ಬೇಡವೆಂದರೂ ಸಾಕ್ಷಿಯಾದೆ.

ಅವರ ಮಗ್ಗುಲ ಮನೆಯಲ್ಲಿ ಅಕ್ತರಬಿ ಇದ್ದಳು. ಎರಡೂ ಮನೆಗಳಿಗೆ ನಡುವೆ ಒಂದೇ ಗೋಡೆ, ಹಿತ್ತಿಲಲ್ಲಿ ಎದೆಯೆತ್ತರದ ಪಾಗಾರ. ಅಕ್ತರಬಿಯ ಗಂಡ ಖಾಜಾಸಾಬ್ ತೊಟ್ಟಿಲು ಮಾಡುವವನು. ತೊಟ್ಟಿಲ ಪಕ್ಕದ ಹಲಗೆಗಳಲ್ಲಿ ಬಳ್ಳಿ, ಗಿಳಿ, ನವಿಲಿನ ಜಾಲರಿ ಕೊರೆಯುವುದು ಅವನ ವಿಶೇಷ. ಕೂಡ್ಲಿಗಿ, ಹರಪನಹಳ್ಳಿಯಿಂದಲೂ ಜನ ಬಂದು ತೊಟ್ಟಿಲಿಗೆ ಹೇಳಿಹೋಗುತ್ತಿದ್ದರು. ಐವತ್ತು ದಾಟುವ ಮೊದಲೇ ಅವನ ಕೈ ನಡುಗಲು ಶುರುವಾಯಿತು. ಆಗಿನಿಂದ ಅವನು ಹಲಗೆಯ ಮೇಲೆ ಗೆರೆ ಹಾಕಿಕೊಡುವುದು, ಅಕ್ತರಬಿ ಸಣ್ಣ ಕಮಾನಿನ ಗರಗಸ ಹಿಡಿದು ಕೊರೆಯುವುದು ಎಂದಾಯಿತು. ಕೊನೆಕೊನೆಗೆ ಗೆರೆಯೂ ಅವಳದೇ. ಅವನು ತೀರಿಕೊಂಡು ನಾಲ್ಕು ವರ್ಷವಾದರೂ ತೊಟ್ಟಿಲು ನಿಲ್ಲಲಿಲ್ಲ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ನಮಾಜಿನವರೆಗೆ ಅವಳ ಗರಗಸದ ಸರ್ ಸರ್ ಸದ್ದು ನಮ್ಮ ಓಣಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಕೇಳಿಸದ ದಿನ ‘ಅಕ್ತರಬಿಗೆ ಮೈಯಾಗ ಹುಷಾರಿಲ್ಲೇನ’ ಎಂದು ಜನ ಕೇಳುತ್ತಿದ್ದರು.

ಶಿವಯೋಗಪ್ಪನವರಿಗೆ ಆ ಸದ್ದು ಆಗುತ್ತಿರಲಿಲ್ಲ. ‘ಒಂದು ಹಲಗಿ ಕೊಯ್ಯಾಕ ಮೂರು ದಿನ! ಜಪಾನಿನಾಗ ಇಷ್ಟೊತ್ತಿಗೆ ಒಂದು ರೈಲು ಮಾಡ್ತಾರ’ ಎಂದು ನನ್ನೆದುರು ಹಲುಬುತ್ತಿದ್ದರು. ಅವರು ಜಪಾನು ಹಾಗಿರಲಿ, ಗುಂತಕಲ್ಲಿನಿಂದ ಆಚೆಯ ರೈಲನ್ನೂ ಹತ್ತಿದವರಲ್ಲ.

೧೯೮೪ರ ಜೂನ್ ತಿಂಗಳು. ಸಂಬಂಧಿಕರ ಮನೆಯ ನಿಶ್ಚಿತಾರ್ಥಕ್ಕೆಂದು ದಾವಣಗೆರೆಗೆ ಹೋದವರು, ಬರುವಾಗ ಎದೆಗೆ ಒಂದು ರಟ್ಟಿನ ಪೆಟ್ಟಿಗೆ ಅವಚಿಕೊಂಡು ಬಸ್ಸಿನಿಂದ ಇಳಿದರು. ಅದನ್ನು ಬೇರೆಯವರು ಮುಟ್ಟಲೂ ಬಿಡದೆ ಮನೆಗೆ ತಂದರು. ಮರುದಿನ ಓಣಿಯವರನ್ನೆಲ್ಲ ಹಿತ್ತಿಲಿಗೆ ಕರೆದು ಪೆಟ್ಟಿಗೆ ಬಿಚ್ಚಿದರು. ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡದಾದ ನೀಲಿ ಬಣ್ಣದ ಯಂತ್ರ. ಕೆಳಗೆ ಚಪ್ಪಟೆ ತಗಡಿನ ಪಾದ, ಅದರ ಸೀಳಿನಿಂದ ಇಳಿಬಿದ್ದ ಬೆರಳುದ್ದದ ಗರಗಸದ ಅಲಗು. ಗುಂಡಿ ಒತ್ತಿದರೆ ಅಲಗು ಹೊಲಿಗೆ ಯಂತ್ರದ ಸೂಜಿಯಂತೆ ಮೇಲೆ ಕೆಳಗೆ ಆಡುತ್ತದೆ.

‘ಇದಕ್ಕ ಜಿಗ್‌ಸಾ ಅಂತಾರ’ ಎಂದು ಶಿವಯೋಗಪ್ಪ ಎರಡು ಸಲ ಹೇಳಿದರು. ‘ಹೆಂಗ ಬೇಕಾದ್ರೂ ಹಂಗ ತಿರುಗಿಸಿ ಕೊಯ್ಯಬಹುದು. ಮೂರು ದಿನದ ಕೆಲಸ ಮೂರು ನಿಮಿಷ.’ ಕೊನೆಯ ಮಾತನ್ನು ಪಾಗಾರದ ಕಡೆ ಮುಖ ಮಾಡಿ ಹೇಳಿದರು.

ಯಂತ್ರದ ಜೊತೆ ಒಂದು ಇಂಗ್ಲಿಷ್ ಪುಸ್ತಿಕೆ ಬಂದಿತ್ತು. ಅದಕ್ಕೆ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟರು. ಡೊಂಕಾಗಿ ಬಾಗಿದ ಒಂದು ಕಬ್ಬಿಣದ ಕಡ್ಡಿಯೂ ಇತ್ತು. ಅದೇನೆಂದು ತಿಳಿಯದೆ ‘ಪ್ಯಾಕಿಂಗಿಂದು, ವೇಸ್ಟು’ ಎಂದು ಹಿಂದಕ್ಕೆ ಎಸೆದರು. ಅವರ ಹೆಂಡತಿ ಬಸಲಿಂಗಮ್ಮ ಅದನ್ನೆತ್ತಿಕೊಂಡು ಸೀಮೆಎಣ್ಣೆ ಒಲೆಯ ಬತ್ತಿ ಎಳೆಯಲು ಇಟ್ಟುಕೊಂಡರು.

ಸ್ಟೂಲಿನ ಮೇಲೆ ಒಂದು ಮಾವಿನ ಹಲಗೆ ಇಟ್ಟು, ಅಲಗನ್ನು ಅಂಚಿಗೆ ತಾಗಿಸಿ ಗುಂಡಿ ಒತ್ತಿದರು. ಆ ಸದ್ದನ್ನು ಏನೆಂದು ಹೇಳಲಿ! ತಗಡಿನ ಡಬ್ಬಕ್ಕೆ ಬೆಣಚುಕಲ್ಲು ತುಂಬಿ ಬಂಡಿಯ ಗಾಲಿಗೆ ಕಟ್ಟಿದಂತೆ. ಹಲಗೆ ಸ್ಟೂಲಿನ ಮೇಲೆ ಕುಣಿಯಿತು, ಸ್ಟೂಲು ನೆಲದ ಹಾಸುಬಂಡೆಯ ಮೇಲೆ ಕುಣಿಯಿತು, ಶಿವಯೋಗಪ್ಪನವರ ಕನ್ನಡಕ ಮೂಗಿನ ತುದಿಗೆ ಇಳಿದು ಕೊನೆಗೆ ನೆಲಕ್ಕೇ ಬಿತ್ತು. ಒಳಗೆ ಅವರದೇ ಅಡುಗೆಮನೆಯಲ್ಲಿ ಒಂದರ ಹಿಂದೊಂದು ತಟ್ಟೆ ಬಿದ್ದ ಸದ್ದು ಕೇಳಿಸಿತು. ಯಾರದೋ ಕಂಕುಳಲ್ಲಿದ್ದ ಕೂಸು ಕಿಟಾರನೆ ಕಿರುಚಿತು.

ನಿಲ್ಲಿಸಿದಾಗ ಶಿವಯೋಗಪ್ಪನವರ ಮುಖ ಬಿಳಿಚಿತ್ತು. ಆದರೆ ಬಾಯಿ ಮಾತ್ರ ಮಾಮೂಲಿನಂತೆಯೇ ಇತ್ತು. ‘ಪವರ್ ನೋಡಿದ್ರಾ? ಹೊಸಾ ಮಷಿನ್ನು ಹಂಗ ಇರತೈತಿ. ಸಪ್ಪಳ ಇಲ್ಲದ ಮಷಿನ್ನು ಅದೆಂಥ ಮಷಿನ್ನು!’

ಅಂದಿನಿಂದ ನಮ್ಮ ಓಣಿಗೆ ಗ್ರಹಚಾರ ಹಿಡಿಯಿತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಣೆಯ ಮೇಲೆ ಹಸಿಯಿರುವಾಗಲೇ ಶಿವಯೋಗಪ್ಪ ಯಂತ್ರ ಹಿಡಿಯುತ್ತಿದ್ದರು. ಎಲ್ಲರ ರೇಡಿಯೋಗಳೂ ಗೊರಗೊರ ಎನ್ನುತ್ತಿದ್ದವು. ಮೂಲೆಮನೆಯ ಎಮ್ಮೆ ಕೆಚ್ಚಲಲ್ಲಿ ಹಾಲಿರಿಸಿಕೊಂಡೇ ಒದೆಯತೊಡಗಿತು. ಹಲಗೆಯನ್ನು ಮಾತ್ರ ಎಂದೂ ನೆಟ್ಟಗೆ ಕುಯ್ಯಲಾಗಲಿಲ್ಲ. ಗೆರೆ ಒಂದು ಕಡೆ, ಅಲಗು ಇನ್ನೊಂದು ಕಡೆ. ಕುಯ್ದ ಅಂಚು ಇಲಿ ಕಡಿದಂತೆ.

ದೋಷ ಯಾರದು? ಮೊದಲ ವಾರ ಕರೆಂಟಿನದು. ‘ಕೊಟ್ಟೂರಾಗ ವೋಲ್ಟೇಜ್ ಎಲ್ಲೈತಿ?’ ಎರಡನೆಯ ವಾರ ಕಟ್ಟಿಗೆಯದು. ಮಾವು ಬಿಟ್ಟು ಬೇವು ತಂದರು, ಬೇವು ಬಿಟ್ಟು ಜಾಲಿ ತಂದರು. ಆಮೇಲೆ ನೆಲ ಡೊಂಕೆಂದರು. ಅದೇ ನೆಲವನ್ನು ಅವರೇ ಮೂರು ಸಲ ಕೀಳಿಸಿ ಹಾಕಿಸಿದ್ದರೆಂಬುದು ಓಣಿಗೆಲ್ಲ ಗೊತ್ತಿತ್ತು. ಸ್ಟೂಲಿನ ಕಾಲಿಗೆ ಸೈಕಲ್ ಟೈರಿನ ತುಂಡು ಕಟ್ಟಿದರು, ಯಂತ್ರದ ಮೈಗೆ ಗೋಣಿಪಟ್ಟಿ ಸುತ್ತಿದರು. ಗೋಣಿ ಸುತ್ತಿದ ಮೇಲೆ ಯಂತ್ರಕ್ಕೆ ಗಾಳಿಯಿಲ್ಲದೆ ಸುಟ್ಟ ವಾಸನೆ ಬಂತು. ಆಗ ಕಿವಿಗೆ ಅರಳೆ ತುರುಕಿಕೊಂಡರು. ಸದ್ದು ಕಡಿಮೆಯಾಯಿತೆಂದು ನನಗೆ ಬಂದು ಹೇಳಿದರು.

ಸಂಜೆಯ ಹೊತ್ತಿಗೆ ಬೆರಳುಗಳು ಜೋಮು ಹಿಡಿದು ಅವರಿಗೆ ರೊಟ್ಟಿ ಮುರಿಯಲೂ ಬರುತ್ತಿರಲಿಲ್ಲ. ಬಸಲಿಂಗಮ್ಮ ಮುರಿದು, ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದರು. ತಿಂದು ಮುಗಿಸಿ ‘ರೊಟ್ಟಿ ಗಟ್ಟಿ ಆಗ್ಯಾವ’ ಎನ್ನುತ್ತಿದ್ದರು.

ಒಂದು ದಿನ ನಾನೂ ಅಲ್ಲಿದ್ದೆ. ಪಾಗಾರದ ಮೇಲೆ ಅಕ್ತರಬಿಯ ತಲೆ ಕಾಣಿಸಿತು. ಸೆರಗು ಸರಿ ಮಾಡಿಕೊಂಡು, ಯಂತ್ರ ನಿಲ್ಲುವವರೆಗೆ ಕಾದಳು.

‘ಅಣ್ಣಾರ, ತಪ್ಪು ತಿಳೀಬ್ಯಾಡ್ರಿ. ಅಲಗಿನ ಬೆನ್ನಿಗೆ ಆಸರ ಇಲ್ರಿ ಅದಕ್ಕ. ಹಿಂದಕ್ಕೂ ಮುಂದಕ್ಕೂ ಬಡಕೊಳ್ಳಾಕ ಹತ್ತೈತಿ. ಒಳಗಿಂದ ಏನೋ ಸಡ್ಲ ಐತಿ ನೋಡ್ರಿ. ಹಲಗೀನೂ ಬಿಗಿದಿಲ್ಲ ನೀವು.’

‘ನೋಡಿದ್ಯೇನ ಮಷಿನ್ನ?’

‘ಇಲ್ರಿ. ಸಪ್ಪಳ ಕೇಳಿ ಹೇಳಿದೆ. ಒಂದು ತಿಂಗಳಿಂದ ಕೇಳಾಕ ಹತ್ತೀನಲ್ರಿ.’

ಶಿವಯೋಗಪ್ಪ ನನ್ನ ಕಡೆ ತಿರುಗಿ ನಕ್ಕರು. ‘ಕೇಳಿದ್ರಾ ಮೇಷ್ಟ್ರೇ? ತೊಟ್ಲಾ ಮಾಡಾಕಿ ಇಂಜಿನಿಯರಿಗೆ ಮಷಿನ್ನು ಕಲಸಾಕ ಬಂದಾಳ. ಹೋಗವಾ, ನಿನ್ನ ಗಿಳಿ ಕೊರಕೋ ಹೋಗು.’

ಅಕ್ತರಬಿ ತನ್ನ ಕೆಲಸಕ್ಕೆ ಹೋದಳು. ನಾನು ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನನಗೆ ಆಗಲೇ ಒಳ್ಳೆಯ ಅಭ್ಯಾಸವಿತ್ತು.

ಆ ವರ್ಷ ಆಗಸ್ಟಿನಲ್ಲಿ ನಮ್ಮ ಶಾಲೆಯ ಇಪ್ಪತ್ತೈದನೆಯ ವರ್ಷದ ಸಮಾರಂಭ. ಹೆಡ್‌ಮೇಷ್ಟ್ರು ಪಕ್ಕೀರಪ್ಪ ಒಳ್ಳೆಯವರು, ಆದರೆ ಜೋರಾಗಿ ಮಾತಾಡುವವರೆದುರು ಮೆತ್ತಗಾಗುವವರು. ವೇದಿಕೆಯ ಮೇಲೆ ‘ಬೆಳ್ಳಿ ಹಬ್ಬ’ ಎಂದು ಮೊಳವೆತ್ತರದ ಕಟ್ಟಿಗೆಯ ಅಕ್ಷರ ನಿಲ್ಲಿಸಬೇಕೆಂಬುದು ಅವರ ಆಸೆ. ಶಾಲೆಯಲ್ಲಿ ಹಳೆಯ ಬಾಗಿಲಿನ ಎರಡು ಸಾಗುವಾನಿ ಹಲಗೆಗಳಿದ್ದವು. ಒಂದು ಗಂಟೂ ಇಲ್ಲದ, ಎಣ್ಣೆ ಹಚ್ಚಿದಂತೆ ಹೊಳೆಯುವ ಹಲಗೆಗಳು. ಅವುಗಳಿಂದ ಅಕ್ತರಬಿ ಕೊರೆದುಕೊಡಲಿ ಎಂದು ನಾನೇ ಮಾತಾಡಿಸಿದ್ದೆ. ಅವಳು ಹಳೆ ಪೇಪರಿನ ಮೇಲೆ ಅಕ್ಷರ ಬರೆದೂ ತೋರಿಸಿದ್ದಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಬರೆದುಕೊಟ್ಟಿದ್ದನ್ನು ನೋಡಿ, ಗಿಳಿ ಬಳ್ಳಿ ಬರೆದಂತೆಯೇ ಬರೆದಿದ್ದಳು. ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟುವ ಕುತ್ತಿಗೆಯನ್ನು ಮಾತ್ರ ನನ್ನದಕ್ಕಿಂತ ದಪ್ಪ ಮಾಡಿದ್ದಳು. ‘ಇಲ್ಲಿ ಸಣ್ಣಾದ್ರ ಮುರೀತೈತ್ರಿ’ ಅಂದಳು.

ಶಿವಯೋಗಪ್ಪನವರಿಗೆ ಸುದ್ದಿ ತಿಳಿದದ್ದೇ ತಡ, ಶಾಲೆಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ‘ಊರಾಗ ಇಂಜಿನಿಯರ್ ಅದಾನ, ಮಷಿನ್ನು ಐತಿ. ನೀವು ಓದಾಕ ಬರದ ಹೆಂಗಸಿಗೆ ಅಕ್ಷರ ಕೊಯ್ಯಾಕ ಕೊಡ್ತೀರಿ. ಹೊರಗಿನ ಮಂದಿ ಬಂದ್ರ ಏನಂತಾರ?’ ಪಕ್ಕೀರಪ್ಪ ನನ್ನ ಮುಖ ನೋಡಿದರು, ನಾನು ಹಾಜರಿ ಪುಸ್ತಕ ನೋಡಿದೆ. ಸಂಜೆಯೊಳಗೆ ಒಂದು ಹಲಗೆ ಶಿವಯೋಗಪ್ಪನವರ ಪಡಸಾಲೆ ಸೇರಿತು. ಇನ್ನೊಂದನ್ನು ಆಮೇಲೆ ಒಯ್ಯುತ್ತೇನೆಂದರು.

ಆ ಎರಡು ದಿನದ ಸದ್ದನ್ನು ನೆನೆಸಿಕೊಂಡರೆ ಈಗಲೂ ಹಲ್ಲು ಜುಮ್ಮೆನ್ನುತ್ತದೆ. ಸಾಗುವಾನಿಯನ್ನು ಅವರು ಕುಯ್ಯಲಿಲ್ಲ, ಕಚ್ಚಿ ಕಚ್ಚಿ ಉಗುಳಿದರು. ಮೂರನೆಯ ದಿನ ಅಕ್ಷರಗಳನ್ನು ಶಾಲೆಗೆ ತಂದು ಸಾಲಾಗಿ ನಿಲ್ಲಿಸಿದಾಗ ಮಕ್ಕಳು ಕೂಡಿ ಗಟ್ಟಿಯಾಗಿ ಓದಿದರು: ‘ಬೆಳಿ ಹಬ!’

ಕಂಪನಕ್ಕೆ ಎರಡೂ ಒತ್ತುಗಳು ಕುತ್ತಿಗೆಯಲ್ಲೇ ಕತ್ತರಿಸಿ ಬಿದ್ದಿದ್ದವು. ‘ಹ’ದ ಹೊಟ್ಟೆಯಲ್ಲಿ ಬಿರುಕು. ‘ಬೆ’ಯ ಕೊಂಡಿ ಕೋಳಿಯ ಕಾಲಿನಂತೆ.

‘ಈಗ ಒತ್ತು ಬಿಡೋದು ಹೊಸಾ ನಮೂನಿ’ ಎಂದರು ಶಿವಯೋಗಪ್ಪ. ನಾಲ್ಕನೆಯ ತರಗತಿಯ ಮಗು ಒತ್ತು ಬಿಟ್ಟರೆ ಬೆತ್ತ ತೋರಿಸುವ ಪಕ್ಕೀರಪ್ಪ, ಅದಕ್ಕೆ ‘ಹೌದ್ರಿ?’ ಎಂದರು. ಆದರೆ ಮಕ್ಕಳ ನಗು ನಿಲ್ಲಲಿಲ್ಲ. ಶಿವಯೋಗಪ್ಪನವರ ಕಿವಿ ಕೆಂಪಾಯಿತು. ‘ಮಷಿನ್ನು ಡಿಫೆಕ್ಟು’ ಎಂದು ಮೊದಲ ಬಾರಿ ಬಾಯಿಬಿಟ್ಟರು. ‘ನಾಳೆನ ದಾವಣಗೆರಿಗೆ ಹೋಗಿ ಅಂಗಡಿಯವನ ಜನ್ಮ ಜಾಲಾಡ್ತೀನಿ. ಮೇಷ್ಟ್ರೇ, ನೀವು ಬರ್ರಿ. ಸಾಕ್ಷಿ ಬೇಕು.’

ಹೋದೆವು. ಬಸ್ಸಿನಲ್ಲಿ ಹರಪನಹಳ್ಳಿ ದಾಟುವವರೆಗೂ ಬಯ್ಯುವ ಮಾತುಗಳನ್ನು ಹೊಂದಿಸುತ್ತಿದ್ದರು. ಅಂಗಡಿಯಲ್ಲಿ ಗಿರಾಕಿಗಳ ನಡುವೆ ನಿಂತು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಬಯ್ದರು. ಮಾಲೀಕರು ಒಳಗಿನಿಂದ ಮೆಕ್ಯಾನಿಕನನ್ನು ಕರೆದರು. ರಹಿಮಾನ್ ಎಂದು ಹೆಸರು, ನಡುವಯಸ್ಸಿನ ಸಾವಧಾನದ ಮನುಷ್ಯ. ಯಂತ್ರವನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿದ. ತಲೆಕೆಳಗು ಮಾಡಿ ಪಾದವನ್ನು ಹೆಬ್ಬೆರಳಿನಿಂದ ತಳ್ಳಿದ. ಅದು ಹಿಂದಕ್ಕೂ ಮುಂದಕ್ಕೂ ಜಾರಿತು.

‘ಸಾರ್, ಕೀ ಎಲ್ಲೈತ್ರಿ ಇದರದು? ಹಿಂಗ ಬಾಗಿದ ಕಡ್ಡಿ?’

ಶಿವಯೋಗಪ್ಪ ನನ್ನ ಕಡೆ ನೋಡಿದರು. ನಾನು ಸಾಕ್ಷಿಯಾಗಿಯೇ ಬಂದವನಲ್ಲವೇ, ಸತ್ಯ ಹೇಳಿದೆ: ‘ಅವರ ಮನಿಯಾಗ ಒಲಿ ಬತ್ತಿ ಎಳ್ಯಾಕ ಇಟ್ಟಾರ.’ ಗಿರಾಕಿಗಳಲ್ಲಿ ಯಾರೋ ಕಿಸಕ್ಕೆಂದರು.

ರಹಿಮಾನ್ ನಗಲಿಲ್ಲ. ಅಂಥದೇ ಬೇರೊಂದು ಕಡ್ಡಿ, ತಿರುಪು ಬಿಗಿಯುವ ಕೀ, ತಂದು ತೋರಿಸಿದ. ಅಲಗಿನ ಹಿಂದೆ ಪುಟ್ಟ ಗಾಲಿಯೊಂದಿತ್ತು. ಅದು ಅಲಗಿನ ಬೆನ್ನಿಗೆ ತಾಗಿಕೊಂಡಿರಬೇಕು, ಇಲ್ಲಿ ಬೆರಳು ತೂರುವಷ್ಟು ದೂರ ಇತ್ತು. ಪಾದವನ್ನು ಮುಂದಕ್ಕೆ ಸರಿಸಿ ಗಾಲಿ ಅಲಗನ್ನು ಮುಟ್ಟುವಂತೆ ಮಾಡಿ, ತಿರುಪು ಬಿಗಿದ. ಅಲಗು ಹಿಡಿಯುವ ತಿರುಪೂ ಸಡಿಲವಾಗಿತ್ತು, ಅದನ್ನೂ ಬಿಗಿದ. ಹಲಗೆಯೊಂದನ್ನು ಮೇಜಿನ ಅಂಚಿಗೆ ಶಿಕಂಜ ಎಂಬ ತಿರುಪಿನ ಹಿಡಿಕೆಯಲ್ಲಿ ಕಚ್ಚಿಸಿ, ಯಂತ್ರದ ಪಾದವನ್ನು ಅದರ ಮೇಲೆ ಒತ್ತಿ ಹಿಡಿದು ಗುಂಡಿ ಒತ್ತಿದ. ಹೊಲಿಗೆ ಯಂತ್ರದಂತೆ ಒಂದೇ ಸಮನೆ ಸದ್ದು. ಗೆರೆಯ ಮೇಲೆಯೇ ತಿರುಗಿ ಹೋಯಿತು. ಅಕ್ತರಬಿ ಪಾಗಾರದಾಚೆಯಿಂದ ಹೇಳಿದ್ದಕ್ಕೂ ಇದಕ್ಕೂ ಒಂದಕ್ಷರ ವ್ಯತ್ಯಾಸವಿರಲಿಲ್ಲ.

‘ನೀವು ಹಿಡೀರಿ ಸಾರ್’ ಎಂದು ಅವರ ಕೈಗೆ ಕೊಟ್ಟ.

ಶಿವಯೋಗಪ್ಪ ಗುಂಡಿ ಒತ್ತಿದ ಕೂಡಲೇ ಮತ್ತೆ ದಡದಡ ಶುರುವಾಯಿತು. ಆಗ ಹತ್ತಿರದಿಂದ ನೋಡಿದೆ. ಅವರು ಯಂತ್ರವನ್ನು ಹಲಗೆಗೆ ತಾಗಿಸಿಯೇ ಇರಲಿಲ್ಲ, ಕಾಗದದಷ್ಟು ಮೇಲೆ ಎತ್ತಿ ಹಿಡಿದಿದ್ದರು. ಮೊಣಕೈ ಎರಡೂ ಮೈಯಿಂದ ದೂರ, ತಲೆ ಹಿಂದಕ್ಕೆ, ಕಣ್ಣುಗಳು ಅರ್ಧ ಮುಚ್ಚಿದ್ದವು.

ರಹಿಮಾನ್ ಮೆಲ್ಲಗೆ ಅಂದ: ‘ಒತ್ರಿ ಸಾರ್. ಅಂಜಬ್ಯಾಡ್ರಿ. ಅದು ಕಟ್ಟಿಗಿ ಬಿಟ್ಟು ನಿಮ್ಮ ಮ್ಯಾಲ ಬರಲ್ಲ.’

ಅವರಿಂದ ಒತ್ತಲಾಗಲಿಲ್ಲ. ಇಪ್ಪತ್ತೆಂಟು ವರ್ಷ ಛತ್ರಿಯ ನೆರಳಿನಿಂದ ಕಂಡಕಂಡವರ ಕೆಲಸ ಕೆಡವಿಸಿದ ಮನುಷ್ಯ, ಒಂದು ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡ ಯಂತ್ರಕ್ಕೆ ಹೆದರಿ ಬೆವತು ನಿಂತಿದ್ದರು. ಎರಡು ತಿಂಗಳು ದಿನಾ ಹೆದರುತ್ತಲೇ ಅದನ್ನು ಹಿಡಿದಿದ್ದರೆಂದು ಆಗ ಹೊಳೆಯಿತು. ಒಂದು ಕ್ಷಣ ಅಯ್ಯೋ ಪಾಪ ಎನಿಸಿದ್ದು ಸುಳ್ಳಲ್ಲ. ಆದರೆ ಆ ಪಾಪ ಎನ್ನುವುದನ್ನು ಅವರು ಬಸ್‌ಸ್ಟ್ಯಾಂಡಿನವರೆಗೂ ಉಳಿಯಗೊಡಲಿಲ್ಲ.

‘ನೋಡಿದ್ರಾ ಮೇಷ್ಟ್ರೇ, ಜೋರು ಮಾಡಿದ್ದಕ್ಕ ಹೆಂಗ ದಾರಿಗೆ ಬಂದ್ರು! ಒಳಗಿನ ಪಾರ್ಟು ಸುಮ್ಮನ ಬದಲ್ ಮಾಡಿ ಕೊಟ್ರು. ನನ್ನ ಕಣ್ಣು ತಪ್ಪಿಸ್ತಾರೇನು?’

ಊರಿಗೆ ಬಂದು ಯಂತ್ರವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ‘ಇನ್ನ ಅದಕ್ಕ ವಿಶ್ರಾಂತಿ ಬೇಕು’ ಎಂದರು. ಸಮಾರಂಭಕ್ಕೆ ಐದೇ ದಿನ ಉಳಿದಿತ್ತು. ಮರುದಿನ ಅವರು ಹೊಸಪೇಟೆಗೆ ಮದುವೆಗೆ ಹೋದರು. ನಾನು ಉಳಿದ ಒಂದು ಹಲಗೆಯನ್ನು ಹೊತ್ತು ಅಕ್ತರಬಿಯ ಮನೆಗೆ ಹೋದೆ. ಮುಖ ತೋರಿಸಲು ನಾಚಿಕೆಯಾಗುತ್ತಿತ್ತು. ಅವಳು ಹಲಗೆಯ ಮೇಲೆ ಅಂಗೈ ಆಡಿಸಿ, ‘ನಾಕು ದಿನಕ್ಕ ಕೈಲೆ ಆಗಂಗಿಲ್ರಿ ಮೇಷ್ಟ್ರೇ. ಸಾಗುವಾನಿ, ದಪ್ಪ ಐತಿ’ ಎಂದಳು.

ಅಷ್ಟರಲ್ಲಿ ಪಾಗಾರದಾಚೆಯಿಂದ ಬಸಲಿಂಗಮ್ಮನ ದನಿ ಬಂತು. ಒಂದು ಕೈಯಲ್ಲಿ ಯಂತ್ರ, ಇನ್ನೊಂದರಲ್ಲಿ ಬಾಗಿದ ಕಡ್ಡಿ. ‘ತಗೋ ಅಕ್ತರಬಿ. ಬೀಗದಕೈ ನನ್ನ ಸೊಂಟದಾಗ ಇರತೈತಿ ಅನ್ನೋದು ಅವರಿಗೆ ನೆನಪಿಲ್ಲ. ಇದು ನಿನ್ನ ಮನಿಯಾಗ ಇದ್ರ ನನ್ನ ತಟ್ಟಿ ಉಳೀತಾವ.’

ಅಕ್ತರಬಿ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಗಾಲಿ ಅಲಗಿಗೆ ತಾಗಿರುವುದನ್ನು ಉಗುರಿನಿಂದ ಪರೀಕ್ಷಿಸಿದಳು. ಹಲಗೆಯನ್ನು ಖಾಜಾಸಾಬನ ಹಳೆಯ ಮೇಜಿಗೆ ಬಿಗಿದು, ಮೊದಲು ಒಂದು ತುಂಡು ಕಟ್ಟಿಗೆಯ ಮೇಲೆ ಕುಯ್ದಳು. ಒಂದು ಸಲ ತಡೆಯಿತು. ತಾನೇ ನಿಲ್ಲಿಸಿ, ಹಿಡಿತ ಬದಲಿಸಿದಳು. ಎರಡನೆಯ ಸಲ ಯಂತ್ರ ಅವಳ ಕೈಯಲ್ಲಿ ಪಳಗಿದ ಎತ್ತಿನಂತೆ ನಡೆಯಿತು. ಅಕ್ಷರಗಳ ಬಳುಕುವ ದೊಡ್ಡ ತಿರುವುಗಳನ್ನು ಯಂತ್ರದಿಂದ ಕುಯ್ದಳು. ಒತ್ತುಗಳ ಕುತ್ತಿಗೆ ಬಂದಾಗ ಅದನ್ನು ಪಕ್ಕಕ್ಕಿಟ್ಟು ತನ್ನ ಕಮಾನಿನ ಗರಗಸ ತೆಗೆದುಕೊಂಡಳು. ‘ಇಲ್ಲಿ ಇದು ಬ್ಯಾಡ್ರಿ. ಇದಕ್ಕ ತಾಳ್ಮಿ ಇಲ್ಲ’ ಎಂದಳು. ಮೂರನೆಯ ದಿನ ಸಂಜೆಗೆ ನಾಲ್ಕೂ ಅಕ್ಷರ ಸಿದ್ಧವಾಗಿದ್ದವು.

ಸಮಾರಂಭದ ದಿನ ವೇದಿಕೆಯ ಮೇಲೆ ‘ಬೆಳ್ಳಿ ಹಬ್ಬ’ ಒತ್ತುಗಳ ಸಮೇತ ನಿಂತಿತು. ಹೊರಗಿನಿಂದ ಬಂದ ಅತಿಥಿಗಳು ಹತ್ತಿರ ಹೋಗಿ ಮುಟ್ಟಿ ನೋಡಿ, ‘ಯಾರು ಮಾಡಿದ್ದು?’ ಎಂದು ಕೇಳಿದರು. ಹಿಂದಿನ ದಿನವಷ್ಟೇ ಹೊಸಪೇಟೆಯಿಂದ ಬಂದು, ಈಗ ಮೊದಲ ಸಾಲಿನಲ್ಲಿ ಜರಿ ಪೇಟ ಸುತ್ತಿಕೊಂಡು ಕೂತಿದ್ದ ಶಿವಯೋಗಪ್ಪ ಗಂಟಲು ಸರಿಮಾಡಿಕೊಂಡರು. ಪಕ್ಕೀರಪ್ಪ ಮೈಕು ಹಿಡಿದು ಒಂದು ಗಳಿಗೆ ತಡವರಿಸಿದರು. ಆಮೇಲೆ, ‘ನಮ್ಮ ಊರಿನ ಇಂಜಿನಿಯರ್ ಶಿವಯೋಗಪ್ಪನವರ ಹೊಸ ಮಷಿನ್ನಿನ ಸಹಾಯದಿಂದ...’ ಎಂದರು. ಮಾತು ಮುಗಿಯುವ ಮೊದಲೇ ಶಿವಯೋಗಪ್ಪ ಎದ್ದು ವೇದಿಕೆ ಹತ್ತಿದ್ದರು. ಹಾರಕ್ಕೆ ಕೊರಳು ಬಾಗಿಸಿದರು. ಎರಡು ಮಾತಾಡಿರೆಂದಾಗ ಜಪಾನಿನ ಬಗ್ಗೆ ಕಾಲು ಗಂಟೆ ಮಾತಾಡಿದರು.

ಅಕ್ತರಬಿ ಹಿಂದಿನ ಸಾಲಿನ ಹೆಂಗಸರ ನಡುವೆ ಕೂತಿದ್ದಳು. ನಾನು ವೇದಿಕೆಯ ಮಗ್ಗುಲಲ್ಲೇ ನಿಂತಿದ್ದೆ. ಮೈಕು ಕೈಗೆಟುಕುವಷ್ಟು ಹತ್ತಿರವಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಶಿವಯೋಗಪ್ಪನವರ ಬಗ್ಗೆ ಇಷ್ಟೆಲ್ಲ ಬರೆಯುವ ನನ್ನ ಯೋಗ್ಯತೆ ಎಷ್ಟೆಂದು ಇದರಿಂದ ಓದುಗರಿಗೆ ತಿಳಿದೀತು. ಅವರದಾದರೂ ಹೆದರಿಕೆ, ಯಂತ್ರಕ್ಕೆ. ನನ್ನದು ಮನುಷ್ಯರಿಗೆ.

ಮರುದಿನ ಅವಳ ಮನೆಗೆ ಹೋಗಿ ‘ನಾನು ಹೇಳಬೇಕಿತ್ತು’ ಎಂದೆ.

‘ಬಿಡ್ರಿ ಮೇಷ್ಟ್ರೇ’ ಎಂದಳು. ತಲೆ ಎತ್ತಲಿಲ್ಲ, ಕೊರೆಯುತ್ತಲೇ ಇದ್ದಳು. ಆಮೇಲೆ, ‘ಹೇಳಬೇಕಿತ್ತು, ಖರೇ’ ಎಂದಳು.

ಯಂತ್ರ ಅಕ್ತರಬಿಯ ಮನೆಯಲ್ಲೇ ಉಳಿಯಿತು. ಶಿವಯೋಗಪ್ಪ ವಾಪಸು ಕೇಳಲಿಲ್ಲ. ಕೇಳಿದರೆ ಮತ್ತೆ ಹಿಡಿಯಬೇಕಾಗುತ್ತಿತ್ತು. ಬದಲಿಗೆ ‘ವಿಧವಿ ಹೆಂಗಸು, ದಾನ ಕೊಟ್ಟೆ. ನಡಸೋದನ್ನೂ ನಾನ ಕಲಿಸಿದೆ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಅಲಗು ಸವೆದರೆ ಅಕ್ತರಬಿ ದಾವಣಗೆರೆ ಬಸ್ಸಿನ ಕಂಡಕ್ಟರನ ಕೈಲಿ ರಹಿಮಾನನಿಂದ ಹೊಸದು ತರಿಸಿಕೊಳ್ಳುತ್ತಿದ್ದಳು. ತೊಟ್ಟಿಲಿನ ಜೊತೆಗೆ ಕಿಟಕಿಯ ಜಾಲರಿ, ದೇವರ ಮಂಟಪದ ಕಮಾನುಗಳ ಕೆಲಸವೂ ಬಂತು. ಹಡಗಲಿಯಿಂದ ಒಂದು ಮಸೀದಿಯವರೂ ಹುಡುಕಿಕೊಂಡು ಬಂದಿದ್ದರು.

ಬಂದವರನ್ನು ಶಿವಯೋಗಪ್ಪ ಪಾಗಾರದ ಮೇಲೆ ಮೊಣಕೈಯೂರಿ ಮಾತಾಡಿಸದೆ ಬಿಡುತ್ತಿರಲಿಲ್ಲ. ಒಮ್ಮೆ ಉಜ್ಜಿನಿಯ ಕಡೆಯಿಂದ ಬಂದ ಒಬ್ಬ ಮುದುಕ, ದುರುಗಣ್ಣ ಅಂತ, ಕುರಿಗಾರರವನು, ಮೊಮ್ಮಗನ ತೊಟ್ಟಿಲಿಗೆ ಹೇಳಲು ಬಂದಿದ್ದ. ಇವರು ತಾವೇ ಅವಳಿಗೆ ಕಲಿಸಿದ ಕಥೆಯನ್ನೆಲ್ಲ ಅವನಿಗೆ ಹೇಳಿದರು. ಮುದುಕ ಪೂರ್ತಿ ನಂಬಿ, ಕೈಮುಗಿದು, ‘ಹಂಗಾರ ಗುರುವಿನ ಕೈ ದೊಡ್ಡದ್ರಿ ಯಪ್ಪಾ. ನನ್ನ ಮೊಮ್ಮಗನ ತೊಟ್ಲಕ್ಕ ನೀವ ಒಂದು ಗೆರಿ ಕೊಯ್ದು ಕೊಡ್ರಿ, ಆಯುಸ್ಸು ಬರ್ತೈತಿ’ ಎಂದ. ಅಕ್ತರಬಿ ಯಂತ್ರವನ್ನು ಪಾಗಾರದ ಮೇಲಿಟ್ಟಳು.

ಶಿವಯೋಗಪ್ಪ ಅದನ್ನು ನೋಡಿದರು. ‘ಇವತ್ತು ಅಮಾಸಿ, ಲೋಹ ಹಿಡಿಯಂಗಿಲ್ಲ’ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನವಿತ್ತು.